ಮೇಲ್ಮಟ್ಟದ ಇಂಗ್ಲಿಷ್ ಪದಗಳು: ನಾನು ಕಾರ್ಡ್ ಬರೆಯುವ ರೀತಿ

ದೊಡ್ಡವರಾದ ಮೇಲೆ ಇಂಗ್ಲಿಷ್ ಕಲಿಯುವವರಿಗೆ ಪದ ಗೊತ್ತಿಲ್ಲ ಅನ್ನುವುದಕ್ಕಿಂತ, ಓದುವಾಗ ಅರ್ಥವಾದ ಪದ ಬರೆಯುವಾಗ ಒದಗುವುದಿಲ್ಲ ಅನ್ನುವುದೇ ದೊಡ್ಡ ತೊಡಕು. ಪದ, ಅದರ ಮುಂದೆ ಅರ್ಥ ಎಂಬ ಪಟ್ಟಿ ಇದಕ್ಕೆ ಮದ್ದಲ್ಲ. ನಾನು ಮಾಡುವುದು ವಾಕ್ಯದ ಕಾರ್ಡ್.

ಕಾರ್ಡಿಗೆ ಪದ ಆರಿಸುವುದು ಹೇಗೆ? ಮೊದಲು ಭಾಷಾ ಸಂಶೋಧಕಿ ಅವೆರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್. ಅದರಲ್ಲಿರುವುದು 570 ಪದಕುಟುಂಬಗಳು, ಅಂದರೆ ಒಂದು ಪದ ಮತ್ತು ಅದರಿಂದ ಹುಟ್ಟಿದ ರೂಪಗಳ ಗುಂಪುಗಳು. ಶೈಕ್ಷಣಿಕ ಬರಹದ ಪದಗಳಲ್ಲಿ ಸುಮಾರು ಶೇ 10 ಇವೇ. ಅದು ಮುಗಿದ ಮೇಲೆ ಓದಿನಲ್ಲಿ ಸಿಕ್ಕ ಪದಗಳು, ಅದೂ ವಾರದಲ್ಲಿ ಎರಡು ಸಲ ಎದುರಾದರೆ ಮಾತ್ರ. ಕಂಡದ್ದನ್ನೆಲ್ಲ ಬರೆದುಕೊಂಡರೆ ತಿಂಗಳೊಳಗೆ ಪುನರಾವರ್ತನೆಯೇ ಹೊರೆಯಾಗುತ್ತದೆ.

ಕಾರ್ಡಿನ ಮುಂಬದಿಯಲ್ಲಿ ಪದದ ಜಾಗ ಖಾಲಿ ಬಿಟ್ಟ ವಾಕ್ಯ, ಸುಳಿವಿಗೆ ಮೊದಲಕ್ಷರ. ಹಿಂಬದಿಯಲ್ಲಿ ಪದ, ಒತ್ತು ಬೀಳುವ ಜಾಗ, ಜೊತೆಗೆ ಬರುವ ಎರಡು ಮೂರು ಪದ, ಕೊನೆಗೆ ಕನ್ನಡದ ಅರ್ಥ. ‘ಮಿಟಿಗೇಟ್’ ತೆಗೆದುಕೊಳ್ಳಿ. ‘ತಗ್ಗಿಸು’ ಎಂದಷ್ಟೇ ಬರೆದುಕೊಂಡವರು ಬೆಲೆಯನ್ನೂ ತೂಕವನ್ನೂ ಮಿಟಿಗೇಟ್ ಮಾಡುತ್ತಾರೆ. ಅದು ಸೇರುವುದು ರಿಸ್ಕ್, ಡ್ಯಾಮೇಜ್, ಇಂಪ್ಯಾಕ್ಟ್ ಥರದ ಕೆಡುಕಿನ ಪದಗಳ ಜೊತೆ. ಹಾಗಾಗಿ ಹಿಂಬದಿಯಲ್ಲಿ ಕನ್ನಡ ಅರ್ಥಕ್ಕಿಂತ ಈ ಜೊತೆಗಾರರಿಗೆ ಹೆಚ್ಚು ಜಾಗ ಕೊಡಬೇಕು. ಒತ್ತನ್ನೂ ಬಿಡಬೇಡಿ: ‘ಅನಲೈಸ್’ನಲ್ಲಿ ಒತ್ತು ಮೊದಲ ಉಚ್ಚಾರಾಂಶಕ್ಕೆ, ‘ಅನಾಲಿಸಿಸ್’ನಲ್ಲಿ ಎರಡನೆಯದಕ್ಕೆ, ‘ಅನಲಿಟಿಕಲ್’ನಲ್ಲಿ ಮೂರನೆಯದಕ್ಕೆ.

ದಿನಕ್ಕೆ 10 ಹೊಸ ಕಾರ್ಡ್ ಸಾಕು. ಪುನರಾವರ್ತನೆ 1, 3, 7, 16, 35ನೇ ದಿನ. ತಪ್ಪಿದರೆ ಮತ್ತೆ 1ರಿಂದ. ಕಾರ್ಡ್ ಪುನರಾವರ್ತನೆಯ ಆ್ಯಪ್ ಆದ ಆಂಕಿ ಬಳಸುವವರಿಗೆ ಈ ಲೆಕ್ಕವೂ ಬೇಡ, ಅದು ತಾನೇ ನೋಡಿಕೊಳ್ಳುತ್ತದೆ.

ಹೋಲುವ ಪದಗಳನ್ನು ಒಂದೇ ದಿನ ಕೂರಿಸಬೇಡಿ. ‘ಎಮಿನೆಂಟ್’ ಮತ್ತು ‘ಇಮಿನೆಂಟ್’, ‘ಇಂಪ್ಲೈ’ ಮತ್ತು ‘ಇನ್‌ಫರ್’ ಒಟ್ಟಿಗೆ ಕಲಿತರೆ ಯಾವುದು ಯಾವುದೆಂಬ ಗೊಂದಲವೇ ಗಟ್ಟಿಯಾಗುತ್ತದೆ. ಒಂದು ನೆಲೆಗೊಂಡ ಮೇಲೆ, ಎರಡು ಮೂರು ವಾರ ಬಿಟ್ಟು, ಇನ್ನೊಂದು. ಸಮಾನಾರ್ಥಕ ಪದಗಳ ಗುಂಪು ಮಾಡಿಕೊಡುವ ಪುಸ್ತಕಗಳು ಎಡವುವುದು ಇಲ್ಲೇ.

ಮೂಲ ಧಾತು, ಪೂರ್ವಪ್ರತ್ಯಯ ತಿಳಿದಿದ್ದರೆ ನೆನಪಿಗೆ ಅನುಕೂಲ, ಆದರೆ ಊಹೆಗೆ ನಂಬಬಾರದು. ‘ಇನ್’ ಎಂದರೆ ಅಲ್ಲ ಎಂದುಕೊಂಡವರಿಗೆ ‘ಇನ್‌ವ್ಯಾಲ್ಯುಬಲ್’ ಬೆಲೆಯಿಲ್ಲದ್ದು, ‘ಇನ್‌ಫ್ಲೇಮಬಲ್’ ಬೆಂಕಿ ಹಿಡಿಯದ್ದು! ನಿಜದಲ್ಲಿ ಮೊದಲನೆಯದು ಬೆಲೆ ಕಟ್ಟಲಾಗದಷ್ಟು ಅಮೂಲ್ಯವಾದದ್ದು, ಎರಡನೆಯದು ಸುಲಭವಾಗಿ ಬೆಂಕಿ ಹಿಡಿಯುವಂಥದ್ದು. ಎರಡನೆಯದರಲ್ಲಿ ತಪ್ಪಿದರೆ ಅಪಾಯ ಬೇರೆ.

ಎಷ್ಟು ತಿದ್ದಿದರೂ ನಿಲ್ಲದ ಕಾರ್ಡ್‌ಗಳಿರುತ್ತವೆ. ಎಂಟು ಸಲ ಮರೆತದ್ದನ್ನು ಆಂಕಿ ‘ಲೀಚ್’ (ಜಿಗಣೆ) ಎಂದು ಗುರುತಿಸುತ್ತದೆ. ಅಂಥದ್ದನ್ನು ಮತ್ತೆ ಮತ್ತೆ ಉರುಹೊಡೆಯದೆ ಅಳಿಸಿ, ಬೇರೆ ವಾಕ್ಯದೊಂದಿಗೆ ಹೊಸದಾಗಿ ಬರೆಯುತ್ತೇನೆ. ಬಹುತೇಕ ಸಲ ಕೆಟ್ಟಿರುವುದು ನೆನಪಲ್ಲ, ವಾಕ್ಯ: ಖಾಲಿ ಜಾಗಕ್ಕೆ ಇನ್ನೂ ಎರಡು ಪದ ಹೊಂದುವಂತಿರುತ್ತದೆ.