ಹಳೆಯ ಸೀರೆಗೆ ಕೌದಿ, ಹಳೆಯ ಬೂಟಿಗೆ ಅಡುಗೆ ಸೋಡಾ

ಉಟ್ಟು ಮೆತ್ತಗಾದ ಹತ್ತಿ ಸೀರೆಗಳನ್ನು ಎಸೆಯುವ ಬದಲು, ಉತ್ತರ ಕರ್ನಾಟಕದ ಮನೆಗಳಲ್ಲಿ ಮಾಡುವಂತೆ ಕೌದಿ (ಹಳೆಯ ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದ ಹೊದಿಕೆ) ಹೊಲಿಯಬಹುದು. ಸೀರೆಗಳನ್ನು ಒಗೆದು ಒಣಗಿಸಿ, ಜೀರ್ಣವಾದ ಭಾಗವನ್ನು ಒಳಪದರಕ್ಕೂ ಗಟ್ಟಿಯಾಗಿ ಉಳಿದ ಭಾಗವನ್ನು ಹೊರಪದರಕ್ಕೂ ಇರಿಸಿ, ಸುಕ್ಕಾಗದಂತೆ ನೆಲದ ಮೇಲೆ ಹರಡಿ, ಮೊದಲು ಅಲ್ಲಲ್ಲಿ ಕಚ್ಚಾ ಹೊಲಿಗೆ ಹಾಕಿಕೊಂಡು, ಅನಂತರ ದಪ್ಪ ನೂಲಿನಿಂದ ಸಾಲುಸಾಲಾಗಿ ಹೊಲಿಯಬೇಕು. ಉತ್ತರ ಕನ್ನಡದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಅಂಚಿನಿಂದ ಆರಂಭಿಸಿ ನಡುವಿನ ಕಡೆಗೆ ಹೊಲಿಯುತ್ತಾ ಸಾಗುತ್ತಾರೆ. ಪಾಲಿಯೆಸ್ಟರ್ ಸೀರೆ ಬೆವರನ್ನು ಹೀರುವುದಿಲ್ಲವಾದ್ದರಿಂದ ಮೈಗೆ ತಾಗುವ ಪದರಕ್ಕೆ ಅದು ಬೇಡವೆಂಬುದು ನನ್ನ ಅಭಿಪ್ರಾಯ.

ವಾಸನೆ ಹಿಡಿದ ಬಟ್ಟೆಯ ಬೂಟುಗಳೊಳಗೆ ರಾತ್ರಿ ಸ್ವಲ್ಪ ಅಡುಗೆ ಸೋಡಾ ಉದುರಿಸಿ ಬೆಳಿಗ್ಗೆ ಕೊಡವಬೇಕು. ಮಳೆಯಲ್ಲಿ ನೆನೆದಿದ್ದರೆ ಒಳಗೆ ಹಳೆಯ ದಿನಪತ್ರಿಕೆ ತುರುಕಿ ನೆರಳಿನಲ್ಲಿಯೇ ಒಣಗಿಸಬೇಕು. ಸುಡುಬಿಸಿಲಿನಲ್ಲಿಟ್ಟರೆ ಅಂಟು ಸಡಿಲಗೊಂಡು ಅಟ್ಟೆ ಕಿತ್ತುಬರಬಹುದು.