ಬೆಳಗಿನ ಸಾಸೇಜ್ ಮನೆಯಲ್ಲೇ: ಖರ್ಚು ಕಡಿಮೆ ಇರಲಿ, ತಂಪು ಕಡಿಮೆಯಾಗದಿರಲಿ

ಮನೆಯಲ್ಲಿ ಸಾಸೇಜ್ ಮಾಡಹೊರಟವರು ಎಡವುವುದನ್ನು ನಾನು ಹಲವು ಬಾರಿ ಹತ್ತಿರದಿಂದ ನೋಡಿದ್ದೇನೆ. ಒಳ್ಳೆಯ ಮಾಂಸ ತಂದಿರುತ್ತಾರೆ, ಮಸಾಲೆಯನ್ನು ಅಳೆದೇ ಹಾಕಿರುತ್ತಾರೆ. ಆದರೂ ಬಾಣಲೆಗೆ ಇಳಿಸಿದ ಸ್ವಲ್ಪ ಹೊತ್ತಿಗೆ ಕೊಬ್ಬೆಲ್ಲ ಕರಗಿ ಹರಿದು, ಉಳಿದ ಮಾಂಸ ಒಣಗಿ ಪುಡಿಪುಡಿಯಾಗುತ್ತದೆ. ಇದಕ್ಕೆ ಕಾರಣ ಬಹುಪಾಲು ಒಂದೇ: ಕೊಚ್ಚುವಾಗ ಮತ್ತು ಕಲಸುವಾಗ ಮಾಂಸ ಸಾಕಷ್ಟು ತಣ್ಣಗಿರಲಿಲ್ಲ. ಆದ್ದರಿಂದ ಈ ಲೇಖನದಲ್ಲಿ ಮೂರನೆಯ ಮತ್ತು ನಾಲ್ಕನೆಯ ಹಂತಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ಮಾಂಸದ ಆಯ್ಕೆ

ಹಂದಿಯ ಭುಜದ ಭಾಗವನ್ನೇ ಕೊಳ್ಳಿ. ಸೊಂಟದ ಮೆದು ಮಾಂಸಕ್ಕಿಂತ ಅದು ಸಾಮಾನ್ಯವಾಗಿ ಅಗ್ಗ, ಮತ್ತು ಸಾಸೇಜಿಗೆ ಬೇಕಾದ ಕೊಬ್ಬು ಅದರಲ್ಲಿ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಒಟ್ಟು ತೂಕದಲ್ಲಿ 25ರಿಂದ 30 ಪ್ರತಿಶತ ಕೊಬ್ಬಿರಬೇಕು. 20ಕ್ಕಿಂತ ಕಡಿಮೆಯಾದರೆ ಎಷ್ಟೇ ಜಾಗ್ರತೆಯಿಂದ ಬೇಯಿಸಿದರೂ ಸಾಸೇಜ್ ಒಣಗುತ್ತದೆ. ಕೊಬ್ಬು ಕಡಿಮೆ ಕಂಡರೆ ಬೆನ್ನಿನ ಗಟ್ಟಿ ಕೊಬ್ಬನ್ನು ಸ್ವಲ್ಪ ಬೇರೆಯಾಗಿ ಕೇಳಿ ತನ್ನಿ. ಮೂಳೆ ಸಮೇತ ಸಿಗುವ ತುಂಡು ಇನ್ನೂ ಅಗ್ಗವಾಗಿದ್ದರೆ ಅದನ್ನೇ ತಂದು, ಮಾಂಸ ಬಿಡಿಸಿಕೊಂಡು, ಮೂಳೆಯನ್ನು ಸಾರಿಗೆ ಬಳಸಬಹುದು. ಕೋಳಿಯಲ್ಲಿ ಮಾಡುವವರು ಎದೆಯ ಭಾಗವನ್ನು ಬಿಟ್ಟು, ತೊಡೆಯ ಮಾಂಸವನ್ನು ಚರ್ಮದೊಂದಿಗೆ ಆರಿಸಿಕೊಳ್ಳಲಿ.

ಮೊದಲೇ ಕೊಚ್ಚಿಟ್ಟ ಮಾಂಸವನ್ನು ತಂದರೆ ಕೆಲಸ ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಅದರಲ್ಲಿ ಕೊಬ್ಬೆಷ್ಟಿದೆ ಎಂದು ಕಣ್ಣಿನಿಂದ ಅಂದಾಜಿಸುವುದು ಕಷ್ಟ, ಕೊಚ್ಚುವಾಗ ಅದು ತಣ್ಣಗಿತ್ತೇ ಎಂದು ತಿಳಿಯುವ ದಾರಿಯೂ ಇಲ್ಲ. ಸಿದ್ಧ ಸಾಸೇಜ್ ಮಸಾಲೆಯ ಪೊಟ್ಟಣಗಳನ್ನಂತೂ ನಾನು ಯಾರಿಗೂ ಸೂಚಿಸುವುದಿಲ್ಲ. ಅವುಗಳ ಪದಾರ್ಥಗಳ ಪಟ್ಟಿಯನ್ನು ಓದಿ ನೋಡಿ: ಎಷ್ಟೋ ಪೊಟ್ಟಣಗಳಲ್ಲಿ ಮೊದಲ ಹೆಸರೇ ಉಪ್ಪು. ಉಪ್ಪಿಗೆ ಮಸಾಲೆಯ ಬೆಲೆ ಕೊಡುವ ಅಗತ್ಯವಿಲ್ಲ.

ಹಂತ 2: ಉಪ್ಪು ಮತ್ತು ಮಸಾಲೆ

ಕೊಬ್ಬೂ ಸೇರಿ 1 ಕಿಲೋ ಮಾಂಸಕ್ಕೆ 16 ಗ್ರಾಂ ಉಪ್ಪು, 2 ಟೀ ಚಮಚ ಕಾಳುಮೆಣಸಿನ ಪುಡಿ, 2 ಟೀ ಚಮಚ ಒಣಗಿದ ಸೇಜ್ ಎಲೆ, 1 ಟೀ ಚಮಚ ಒಣ ಥೈಮ್, 2 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಕೆಂಪು ಮೆಣಸಿನ ತರಿ, ಕಾಲು ಟೀ ಚಮಚ ಜಾಯಿಕಾಯಿ ಪುಡಿ ಬೇಕು. ಬೆಳಗಿನ ಸಾಸೇಜಿನ ಗುರುತೇ ಸೇಜ್ ಮತ್ತು ಕಾಳುಮೆಣಸಿನ ಜೋಡಿ. ಉಳಿದವುಗಳಲ್ಲಿ ಮನೆಯಲ್ಲಿ ಇಲ್ಲದ್ದನ್ನು ಬಿಟ್ಟರೂ ನಡೆಯುತ್ತದೆ. ಉಪ್ಪನ್ನು ಮಾತ್ರ ಚಮಚದಲ್ಲಿ ಅಳೆಯದೆ ತೂಕ ಮಾಡಿಯೇ ಹಾಕಿ, ಏಕೆಂದರೆ ಹರಳುಪ್ಪಿನ ಒಂದು ಚಮಚಕ್ಕೂ ಪುಡಿಯುಪ್ಪಿನ ಒಂದು ಚಮಚಕ್ಕೂ ತೂಕದಲ್ಲಿ ಬಹಳ ವ್ಯತ್ಯಾಸವಿದೆ. ಮಾಂಸವನ್ನು 2 ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ, ಗಟ್ಟಿ ನಾರುಗಳನ್ನು ತೆಗೆದು, ಇವೆಲ್ಲವನ್ನೂ ಹಚ್ಚಿ, ಮುಚ್ಚಿ, ರಾತ್ರಿಯಿಡೀ ಫ್ರಿಜ್‌ನಲ್ಲಿಡಿ.

ಮಾಂಸ ಕೆಡದಂತೆ ತಡೆಯುವ ನೈಟ್ರೈಟ್ ಎಂಬ ರಾಸಾಯನಿಕ ಬೆರೆತ ಗುಲಾಬಿ ಉಪ್ಪನ್ನು ಇದಕ್ಕೆ ಹಾಕಬೇಕೇ ಎಂದು ಕೆಲವರು ಕೇಳುತ್ತಾರೆ. ಹೊಗೆಯಲ್ಲಿಟ್ಟು ಅಥವಾ ಒಣಗಿಸಿ ಮಾಡುವ ಬಗೆಗಳಿಗೆ ಅದು ಬೇಕಾಗುತ್ತದೆ. ಹಸಿಯಾಗಿ ಮಾಡಿ, ಬೇಯಿಸಿ ತಿನ್ನುವ ಈ ಸಾಸೇಜಿಗೆ ಬೇಡ.

ಹಂತ 3: ತಣಿಸಿ ಕೊಚ್ಚುವುದು

ಮಸಾಲೆ ಹಚ್ಚಿದ ತುಂಡುಗಳನ್ನು ಅಗಲವಾದ ತಟ್ಟೆಯಲ್ಲಿ ಒಂದರ ಮೇಲೊಂದು ಬರದಂತೆ ಹರಡಿ, 30ರಿಂದ 45 ನಿಮಿಷ ಫ್ರೀಜರ್‌ನಲ್ಲಿಡಿ. ಅಂಚುಗಳು ಬಿಗಿದಿರಬೇಕು, ಆದರೆ ಬೆರಳಿನಿಂದ ಒತ್ತಿದರೆ ನಡುಭಾಗ ಇನ್ನೂ ಸ್ವಲ್ಪ ತಗ್ಗಬೇಕು. ಆ ಹದ ಬಂದಾಗ ಕೊಚ್ಚಲು ಆರಂಭಿಸಿ. ಕೊಚ್ಚುವ ಯಂತ್ರವಿದ್ದರೆ ಅದರ ಅಲಗು, ತೂತಿನ ಬಿಲ್ಲೆ, ಮಾಂಸ ಬೀಳುವ ಪಾತ್ರೆ ಎಲ್ಲವೂ ಅಷ್ಟೇ ತಣ್ಣಗಿರಲಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ತಣ್ಣಗಿರುವ ಕೊಬ್ಬು ಅಲಗಿಗೆ ಸಿಕ್ಕಾಗ ಚಿಕ್ಕಚಿಕ್ಕ ಕಣಗಳಾಗಿ ತುಂಡಾಗುತ್ತದೆ, ಮತ್ತು ಆ ಕಣಗಳು ಮಾಂಸದ ನಡುವೆ ಉಳಿದು, ಬೇಯುವಾಗ ಒಳಗಿನಿಂದಲೇ ತೇವ ಕೊಡುತ್ತವೆ. ಬೆಚ್ಚಗಾದ ಕೊಬ್ಬು ತುಂಡಾಗದೆ ಬೆಣ್ಣೆಯಂತೆ ಮೆತ್ತಿಕೊಂಡು ಮಾಂಸದ ಮೇಲೆಲ್ಲ ಲೇಪವಾಗುತ್ತದೆ. ಬಿಸಿ ತಾಗಿದೊಡನೆ ಅದು ಹರಿದುಹೋಗುವುದರಿಂದ ಮಾಂಸ ಬರಡಾಗಿ ಉಳಿಯುತ್ತದೆ. ಯಂತ್ರದ ತೂತುಗಳಿಂದ ಕೆಂಪು ಬಿಳುಪು ಬೇರೆಬೇರೆಯಾಗಿ ಕಾಣುವ ಎಳೆಗಳು ಬರುತ್ತಿದ್ದರೆ ಎಲ್ಲವೂ ಸರಿಯಿದೆ. ಎರಡೂ ಬೆರೆತು ಮಸುಕಾದ ಗುಲಾಬಿ ಮುದ್ದೆ ಬರತೊಡಗಿದರೆ ಅಲ್ಲಿಯೇ ನಿಲ್ಲಿಸಿ, ಅಲಗಿಗೆ ಸುತ್ತಿಕೊಂಡ ನಾರನ್ನು ಬಿಡಿಸಿ, ಮಾಂಸವನ್ನೂ ಯಂತ್ರದ ಭಾಗಗಳನ್ನೂ ಮತ್ತೆ ಫ್ರೀಜರ್‌ಗೆ ಸೇರಿಸಿ. ಬೇಗ ಮುಗಿಸೋಣವೆಂದು ಅದನ್ನೇ ಮುಂದುವರಿಸಿದವರ ಸಾಸೇಜ್ ಸರಿಹೋದದ್ದನ್ನು ನಾನು ಕಂಡಿಲ್ಲ.

ಯಂತ್ರವಿಲ್ಲದವರು ಅದಕ್ಕಾಗಿ ಹಣ ಹಾಕಬೇಕಾಗಿಲ್ಲ. ಫುಡ್ ಪ್ರೊಸೆಸರ್ ಇದ್ದರೆ ಒಮ್ಮೆಗೆ 250 ಗ್ರಾಂ ಮಾತ್ರ ಹಾಕಿ, ಒಂದೊಂದು ಸೆಕೆಂಡಿನಷ್ಟು ಎಂಟು-ಹತ್ತು ಬಾರಿ ತಿರುಗಿಸಿ ನಿಲ್ಲಿಸಿ. ಚಟ್ನಿ ರುಬ್ಬುವ ಮಿಕ್ಸಿ ಜಾರನ್ನು ಮಾತ್ರ ಬಳಸಬೇಡಿ, ಅದರ ತಳದ ಮಾಂಸ ಕ್ಷಣದಲ್ಲಿ ಪೇಸ್ಟ್ ಆಗುತ್ತದೆ. ಇದಾವುದೂ ಇಲ್ಲದಿದ್ದರೆ ಹರಿತವಾದ ದೊಡ್ಡ ಚಾಕು ಸಾಕು: ಅರ್ಧ ಹೆಪ್ಪುಗಟ್ಟಿದ ಮಾಂಸವನ್ನು ತೆಳುವಾಗಿ ಸೀಳಿ, ಸೀಳುಗಳನ್ನು ಎಳೆಗಳಾಗಿ, ಎಳೆಗಳನ್ನು ಅಡ್ಡಲಾಗಿ ಕತ್ತರಿಸಿ, ಕೊನೆಗೆ ಒಂದೆರಡು ನಿಮಿಷ ಕೊಚ್ಚಿ. ಸಮಯ ಹೆಚ್ಚು ಹಿಡಿದರೂ ಕೈಯಲ್ಲಿ ಕೊಚ್ಚಿದ ಸಾಸೇಜಿನ ಹದವೇ ನನಗೆ ಹೆಚ್ಚು ಇಷ್ಟ.

ಹಂತ 4: ಕಲಸುವುದು

ಎರಡನೆಯ ತಪ್ಪು ಇಲ್ಲಿ ನಡೆಯುತ್ತದೆ. ಮಸಾಲೆ ಆಗಲೇ ಬೆರೆತಿದೆಯೆಂದು ಕಲಸುವುದನ್ನೇ ಬಿಡುವವರಿದ್ದಾರೆ. ಕಲಸುವುದು ಮಸಾಲೆಗಾಗಿ ಮಾತ್ರವಲ್ಲ. ಮಾಂಸದಲ್ಲಿರುವ ಮಯೋಸಿನ್ ಎಂಬ ಪ್ರೋಟೀನನ್ನು ಉಪ್ಪು ಕರಗಿಸುತ್ತದೆ, ಕಲಸಿದಾಗ ಅದು ಅಂಟಿನಂತಾಗಿ ನೀರನ್ನೂ ಕೊಬ್ಬನ್ನೂ ಹಿಡಿದಿಡುತ್ತದೆ. ಕೊಚ್ಚಿದ ಮಾಂಸಕ್ಕೆ 50 ಮಿಲಿಲೀಟರ್ ಐಸ್ ನೀರು ಹಾಕಿ, ಒಂದರಿಂದ ಎರಡು ನಿಮಿಷ ಬಿರುಸಾಗಿ ನಾದಿ. ಕೈ ಬಿಸಿಯಾಗಿರುವವರು ಮರದ ಚಮಚ ಬಳಸಲಿ. ಚಿಕ್ಕ ಉಂಡೆಯೊಂದನ್ನು ಅಂಗೈಗೆ ಒತ್ತಿ, ಕೈಯನ್ನು ತಲೆಕೆಳಗು ಮಾಡಿದಾಗ ಅದು ಬೀಳದೆ ಅಂಟಿಕೊಂಡಿದ್ದರೆ ಸಾಕು, ಅಲ್ಲಿಗೆ ನಿಲ್ಲಿಸಿ. ಇನ್ನೂ ನಾದಿದರೆ ಸಾಸೇಜ್ ರಬ್ಬರಿನಂತಾಗುತ್ತದೆ.

ಇನ್ನಷ್ಟು ಮಿತವ್ಯಯ ಬೇಕೆಂದರೆ 80 ಗ್ರಾಂ ಒಣ ಬ್ರೆಡ್ ಪುಡಿಯನ್ನು 100 ಮಿಲಿಲೀಟರ್ ತಣ್ಣೀರಿನಲ್ಲಿ ನೆನೆಸಿ, 3 ಗ್ರಾಂ ಹೆಚ್ಚುವರಿ ಉಪ್ಪಿನೊಡನೆ ಈಗಲೇ ಸೇರಿಸಬಹುದು. ಅದಕ್ಕಿಂತ ಹೆಚ್ಚು ಪುಡಿ ಹಾಕಿದರೆ ಮಾಂಸದ ರುಚಿ ಮರೆಯಾಗುತ್ತದೆ.

ಹಂತ 5: ರುಚಿ ನೋಡಿ, ತಟ್ಟಿ

ಹಸಿ ಮಿಶ್ರಣವನ್ನು ಬಾಯಿಗೆ ಹಾಕಬೇಡಿ. ಒಂದು ಚಮಚದಷ್ಟನ್ನು ಪೂರ್ತಿ ಬೇಯಿಸಿ ರುಚಿ ನೋಡಿ, ಕಡಿಮೆಯಾದದ್ದನ್ನು ಸೇರಿಸಿ. ಅನಂತರ ತಲಾ 60 ಗ್ರಾಂನ ಬಿಲ್ಲೆಗಳಾಗಿ, 1 ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ಬೇಯುವಾಗ ನಡುಭಾಗ ಉಬ್ಬದಂತೆ ಹೆಬ್ಬೆರಳಿನಿಂದ ಮಧ್ಯೆ ಸ್ವಲ್ಪ ತಗ್ಗು ಮಾಡಿ. 1 ಕಿಲೋ ಮಾಂಸದಲ್ಲಿ 17 ಅಥವಾ 18 ಬಿಲ್ಲೆಗಳಾಗುತ್ತವೆ. ಕರುಳಿನ ಕವಚವನ್ನೂ ಅದರಲ್ಲಿ ತುಂಬುವ ಸಲಕರಣೆಯನ್ನೂ ಕೊಳ್ಳಬೇಡಿ. ಬೆಳಗಿನ ಸಾಸೇಜ್ ಕವಚವಿಲ್ಲದೆಯೇ ಚೆನ್ನಾಗಿರುತ್ತದೆ.

ಹಂತ 6: ಬೇಯಿಸುವುದು

ದಪ್ಪ ತಳದ ಬಾಣಲೆಯಲ್ಲಿ, ಮಧ್ಯಮಕ್ಕಿಂತ ತುಸು ಕಡಿಮೆ ಉರಿಯಲ್ಲಿ, ಪ್ರತಿ ಮಗ್ಗುಲನ್ನೂ ಸುಮಾರು 5 ನಿಮಿಷ ಬೇಯಿಸಿ. ಉರಿ ಜೋರಾದರೆ ಒಳಭಾಗ ಬೇಯುವ ಮೊದಲೇ ಸಕ್ಕರೆ ಕರಕಾಗುತ್ತದೆ. ಚಟ್ಟುಗದಿಂದ ಒತ್ತಬೇಡಿ, ಉಳಿಸಲು ಇಷ್ಟು ಪಾಡುಪಟ್ಟ ರಸವೆಲ್ಲ ಹೊರಬರುತ್ತದೆ. ಮಾಂಸವನ್ನು ಕೊಚ್ಚಿದಾಗ ಮೇಲ್ಮೈಯ ಬ್ಯಾಕ್ಟೀರಿಯಾ ಒಳಗೆಲ್ಲ ಹರಡಿರುತ್ತದೆ, ಆದ್ದರಿಂದ ಬಿಲ್ಲೆಯ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು, ಕೋಳಿಯಾದರೆ 74. ಬಣ್ಣ ನೋಡಿ ನಿರ್ಧರಿಸುವುದು ನಂಬಲರ್ಹವಲ್ಲ. ಈ ಕೆಲಸಕ್ಕೆ ಏನಾದರೂ ಹೊಸದಾಗಿ ಕೊಳ್ಳುವುದಿದ್ದರೆ ಅಡುಗೆಯ ಥರ್ಮಾಮೀಟರ್ ಒಂದನ್ನೇ ಕೊಳ್ಳಿ.

ಹಂತ 7: ಉಳಿದದ್ದನ್ನು ಇಡುವುದು

ಹಸಿ ಬಿಲ್ಲೆಗಳು ಫ್ರಿಜ್‌ನಲ್ಲಿ 1–2 ದಿನ ಮಾತ್ರ ಇರುತ್ತವೆ. ಮಿಕ್ಕವನ್ನು ಮೊದಲು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸಿ, ಆಮೇಲೆ ಗಾಳಿ ತೆಗೆದ ಚೀಲಕ್ಕೆ ತುಂಬಿ, ದಿನಾಂಕ ಬರೆದು ಫ್ರೀಜರ್‌ನಲ್ಲಿಟ್ಟರೆ ಬೇಕಾದಷ್ಟನ್ನೇ ತೆಗೆಯಬಹುದು. ಉಪ್ಪು ಬೆರೆತ ಕೊಬ್ಬು ಫ್ರೀಜರ್‌ನಲ್ಲಿಯೂ ನಿಧಾನವಾಗಿ ಕಮಟುವುದರಿಂದ ಎರಡು ತಿಂಗಳೊಳಗೆ ಬಳಸಿ. ಬಾಣಲೆಯಲ್ಲಿ ಉಳಿದ ಕೊಬ್ಬನ್ನು ಚೆಲ್ಲದೆ, ಅದೇ ಬೆಳಿಗ್ಗೆ ಅದರಲ್ಲಿಯೇ ಮೊಟ್ಟೆ ಹುರಿದುಕೊಳ್ಳಿ.