ಮತ್ತಾಯನ ಸುವಾರ್ತೆಯಲ್ಲಿ ಅರಸನ ಎಳೆ ಹಿಡಿದು ಓದುವುದು ಹೇಗೆ

ನಮ್ಮ ಬಳ್ಳಾರಿ, ರಾಯಚೂರು ಕಡೆಯ ಮನೆ ಕೂಟಗಳಲ್ಲಿ ಸಾಮಾನ್ಯವಾಗಿ ಒಂದು ಅಧ್ಯಾಯ ಓದುತ್ತೇವೆ, ಒಂದು ವಚನ ಹಿಡಿದು ಮಾತಾಡುತ್ತೇವೆ, ಪ್ರಾರ್ಥನೆ ಮಾಡಿ ಚಹಾ ಕುಡಿದು ಎದ್ದುಬಿಡುತ್ತೇವೆ. ತಪ್ಪೇನಿಲ್ಲ. ಆದರೆ ಮತ್ತಾಯನ ಸುವಾರ್ತೆಯನ್ನು ಹಾಗೆ ತುಂಡು ತುಂಡಾಗಿ ಓದಿದರೆ 28 ಅಧ್ಯಾಯಗಳ ಉದ್ದಕ್ಕೂ ಇರುವ ಒಂದು ಪ್ರಶ್ನೆ ಕೈತಪ್ಪಿ ಹೋಗುತ್ತದೆ: ಇಲ್ಲಿ ಅರಸ ಯಾರು, ಮತ್ತು ಅವನನ್ನು ಅರಸ ಅಂತ ಕರೆಯುತ್ತಿರುವವರು ಯಾರು? ಎರಡನೆಯದೇ ಮುಖ್ಯ.

ಒಂದು ನೋಟ್‌ಬುಕ್ ತಗೊಳ್ಳಿ. ಎಡಪುಟದಲ್ಲಿ ಯೇಸುವನ್ನು ಅರಸ ಅಂದವರ ಹೆಸರು ಬರೆಯಿರಿ, ಪಕ್ಕದಲ್ಲಿ ವಚನ. ಬಲಪುಟದಲ್ಲಿ ನಿಜವಾಗಿ ಗದ್ದುಗೆ ಮೇಲೆ ಕೂತಿದ್ದವರು ಏನೇನು ಮಾಡಿದರು ಅಂತ ಬರೆಯಿರಿ. ಇಷ್ಟೇ ಸಾಕು. ಬಣ್ಣದ ಪೆನ್ನು, ಚಾರ್ಟು ಎಲ್ಲ ಸಂಡೇ ಸ್ಕೂಲಿಗೆ ಇರಲಿ. ಕೂಟದಲ್ಲಿ ಕೆಲವರ ಕೈಯಲ್ಲಿ ತೆಲುಗು ಬೈಬಲ್ ಇದ್ದರೂ ತೊಂದರೆಯಿಲ್ಲ, ವಚನದ ನಂಬರು ಅದೇ ಅಲ್ವಾ.

ಮೊದಲನೇ ಅಧ್ಯಾಯದ ಹೆಸರುಗಳ ಪಟ್ಟಿಯನ್ನು ಮಾತ್ರ ಹಾರಿಸಬೇಡಿ. ಬಹಳ ಜನ ಹಾರಿಸುತ್ತಾರೆ. ಶಾಸನಗಳ ಪರಿಚಯ ಇರುವ ನಮ್ಮ ಕಡೆಯವರಿಗೆ ಇದು ಹೊಸದಲ್ಲ: ವಿಜಯನಗರದ ಶಾಸನಗಳಲ್ಲಿ ಹೊಲ ದಾನ ಕೊಟ್ಟ ಮಾತು ಬರುವ ಮೊದಲು ರಾಜಾಧಿರಾಜ, ರಾಜಪರಮೇಶ್ವರ, ಮೂರು ರಾಯರ ಗಂಡ ಅಂತ ಬಿರುದುಗಳ ಸಾಲೇ ಇರುತ್ತದೆ. ಮತ್ತಾಯನೂ ಹಾಗೇ ವಂಶ ಹೇಳಿ ಶುರು ಮಾಡುತ್ತಾನೆ, ಹದಿನಾಲ್ಕು ಹದಿನಾಲ್ಕು ತಲೆಮಾರುಗಳ ಮೂರು ಗುಂಪು ಮಾಡುತ್ತಾನೆ. ನಡುವಿನ ಗುಂಪಿನಲ್ಲಿ ಸೊಲೊಮೋನನಿಂದ ಹಿಡಿದು ಬಾಬೆಲಿಗೆ ಸೆರೆ ಹೋಗುವವರೆಗೆ ಬರುವವರೆಲ್ಲ ಅರಸರೇ, ಆದರೂ ಅರಸ ಅನ್ನುವ ಪದವಿ ಹಚ್ಚಿರುವುದು ದಾವೀದನಿಗೆ ಮಾತ್ರ. ಈಗ ಆ ವಚನವನ್ನೇ, 1:6 ಅನ್ನು, ಇನ್ನೊಮ್ಮೆ ಓದಿಸಿ. ದಾವೀದನನ್ನು ಅರಸ ಅಂದ ಅದೇ ವಚನದಲ್ಲೇ ಸೊಲೊಮೋನನ ತಾಯಿ ಬರುತ್ತಾಳೆ, ಅವಳ ಹೆಸರಿಲ್ಲ, 'ಊರೀಯನ ಹೆಂಡತಿ' ಅಂತ ಇದೆ. ಅಂದರೆ ದಾವೀದ ಯಾರ ಹೆಂಡತಿಯನ್ನು ತಗೊಂಡ, ಆಮೇಲೆ ಯಾರನ್ನು ಯುದ್ಧದ ಮುಂಚೂಣಿಗೆ ಕಳಿಸಿ ಕೊಲ್ಲಿಸಿದ ಅನ್ನುವುದನ್ನು ವಂಶಾವಳಿಯೊಳಗೇ ಇಟ್ಟಿದ್ದಾನೆ. ಯಾವ ರಾಜನ ಆಸ್ಥಾನದವರೂ ಇದನ್ನು ಕಲ್ಲಿನ ಮೇಲೆ ಕೆತ್ತಿಸುತ್ತಿರಲಿಲ್ಲ! ಇಲ್ಲಿ ಆತುರ ಮಾಡಬೇಡಿ, ಜನ ಮಾತಾಡಲಿ.

ಎರಡನೇ ಅಧ್ಯಾಯದಲ್ಲಿ ನೋಟ್‌ಬುಕ್ಕಿನ ಎರಡೂ ಪುಟಕ್ಕೆ ಕೆಲಸ ಬರುತ್ತದೆ. 'ಯೆಹೂದ್ಯರ ಅರಸ ಎಲ್ಲಿ' ಅಂತ ಕೇಳುವವರು ಮೂಡಣ ದೇಶದ ಜೋಯಿಸರು, ಪರದೇಶದವರು. ಕೇಳುವುದು ಹೆರೋದನ ಊರಲ್ಲಿ. ಕ್ರಿಸ್ತಪೂರ್ವ 40ರಲ್ಲಿ ರೋಮಿನ ಸೆನೆಟ್ ಅವನಿಗೆ ಅರಸನ ಪಟ್ಟ ಕೊಟ್ಟಿತ್ತು, ಹಾಗಾಗಿ ಆ ಪ್ರಶ್ನೆ ನೇರವಾಗಿ ಅವನ ಕುರ್ಚಿಗೇ ತಗುಲುತ್ತದೆ. ನಾನೂ ಬಂದು ಅಡ್ಡಬೀಳುತ್ತೇನೆ ಅನ್ನುತ್ತಾನೆ, ಆಮೇಲೆ ಬೇತ್ಲೆಹೇಮಿನ ಗಂಡುಕೂಸುಗಳನ್ನು ಕೊಲ್ಲಿಸುತ್ತಾನೆ. ಬಲಪುಟಕ್ಕೆ ಬರೆಯಿರಿ.

ನಡುವಿನ ಅಧ್ಯಾಯಗಳನ್ನು ಬೇಗ ದಾಟಬಹುದು. ಪರಲೋಕ ರಾಜ್ಯ ಅನ್ನುವ ಮಾತು ಹೊಸ ಒಡಂಬಡಿಕೆಯಲ್ಲಿ ಮತ್ತಾಯನಲ್ಲಿ ಮಾತ್ರ ಸಿಗುತ್ತದೆ, ಬೇರೆಯವರು ದೇವರ ರಾಜ್ಯ ಅನ್ನುತ್ತಾರೆ, ಅಷ್ಟು ಹೇಳಿ 13ರ ಸಾಮ್ಯಗಳನ್ನು, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಗಳನ್ನು, ಇನ್ನೊಂದು ವಾರಕ್ಕೆ ಇಡಿ. 18 ಮತ್ತು 22ರ ಸಾಮ್ಯಗಳಲ್ಲೂ ಅರಸರಿದ್ದಾರೆ. ಆದರೆ 22ರಲ್ಲಿ ಅರಸ ಸಿಟ್ಟಾಗಿ ಊರು ಸುಡಿಸುತ್ತಾನೆ, ಅದನ್ನು ಮೊದಲ ಸಲವೇ ಎತ್ತಿಕೊಂಡರೆ ಕೂಟ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

14ರಲ್ಲಿ ಮಾತ್ರ ನಿಲ್ಲಿ. ಈ ಹೆರೋದ ಬೇರೆ, ಹಿಂದಿನವನ ಮಗ ಅಂತಿಪ. ಯಾರಾದರೂ ಕೇಳೇ ಕೇಳುತ್ತಾರೆ, ಮೊದಲೇ ಹೇಳಿಬಿಡಿ. ಇವನು ಪೂರ್ತಿ ಅರಸನೂ ಅಲ್ಲ, ಆ ಪದವಿ ಬೇಕು ಅಂತ ಕೇಳಲು ಹೋಗಿ ಕ್ರಿಸ್ತಶಕ 39ರಲ್ಲಿ ಗಡೀಪಾರಾದ. ಇವನ ಹುಟ್ಟುಹಬ್ಬದ ಊಟದಲ್ಲಿ ಸ್ನಾನಿಕನಾದ ಯೋಹಾನನ ತಲೆ ಹರಿವಾಣದಲ್ಲಿ ಬರುತ್ತದೆ. ಅದರ ಬೆನ್ನಿಗೇ ಅಡವಿಯಲ್ಲಿ ಇನ್ನೊಂದು ಊಟ: ಐದು ರೊಟ್ಟಿ, ಎರಡು ಮೀನು, ಸಾವಿರಾರು ಜನ, ಉಳಿದದ್ದು ಹನ್ನೆರಡು ಪುಟ್ಟಿ. ಎರಡನ್ನೂ ಒಂದೇ ಉಸಿರಿಗೆ ಓದಿಸಿ, ನೀವು ಏನೂ ವಿವರಿಸಬೇಡಿ. ದೊಡ್ಡವರ ದರ್ಬಾರು ಹೇಗಿರುತ್ತದೆ ಅಂತ ಗಣಿ ದುಡ್ಡಿನ ಕಾಲ ನೋಡಿದ ಬಳ್ಳಾರಿಯವರಿಗೆ ಹೇಳಿಕೊಡುವುದೇನಿದೆ?

ನನಗೆ ತುಂಬಾ ಹಿಡಿಸುವ ಜೋಡಿ 20 ಮತ್ತು 27. ಜೆಬೆದಾಯನ ಮಕ್ಕಳಾದ ಇಬ್ಬರು ಶಿಷ್ಯರ ತಾಯಿ ಬಂದು, ನಿನ್ನ ರಾಜ್ಯದಲ್ಲಿ ನನ್ನ ಮಕ್ಕಳಲ್ಲಿ ಒಬ್ಬ ಬಲಕ್ಕೆ, ಒಬ್ಬ ಎಡಕ್ಕೆ ಕೂರಲಿ ಅಂತ ಕೇಳುತ್ತಾಳೆ. ನೀವು ಏನು ಕೇಳುತ್ತಿದ್ದೀರಿ ಅಂತ ನಿಮಗೆ ಗೊತ್ತಿಲ್ಲ ಅನ್ನುತ್ತಾನೆ ಯೇಸು. ಒಂದು ಬೆರಳು ಅಲ್ಲೇ ಇಟ್ಟುಕೊಂಡು 27:38 ತೆಗೆಯಿರಿ. ಶಿಲುಬೆಯ ಮೇಲಿದ್ದ ಯೇಸುವಿನ ಬಲಕ್ಕೆ ಒಬ್ಬ ಕಳ್ಳ, ಎಡಕ್ಕೆ ಒಬ್ಬ ಕಳ್ಳ. ಮುಂದೆ 27:56ರಲ್ಲಿ ದೂರದಿಂದ ನೋಡುತ್ತಿದ್ದ ಹೆಂಗಸರಲ್ಲಿ ಯಾರಿದ್ದಾರೆ ನೋಡಿ. ಅದೇ ತಾಯಿ.

27ರಲ್ಲಿ ಸಿಪಾಯಿಗಳ ಭಾಗಕ್ಕೆ ಸಾಕಷ್ಟು ಸಮಯ ಕೊಡಿ. ಕೆಂಪು ನಿಲುವಂಗಿ, ಕಿರೀಟ, ಬಲಗೈಯಲ್ಲಿ ಬೆತ್ತ, ಮೊಣಕಾಲೂರಿ ನಮಸ್ಕಾರ. ಪಟ್ಟಾಭಿಷೇಕಕ್ಕೆ ಏನೇನು ಬೇಕೋ ಎಲ್ಲ ಇದೆ, ಕಿರೀಟ ಮುಳ್ಳಿನದು, ಆಮೇಲೆ ಅದೇ ಬೆತ್ತದಿಂದ ತಲೆಗೆ ಹೊಡೆಯುತ್ತಾರೆ. ಈಗ ಎಡಪುಟ ತಿರುಗಿಸಿ ನೋಡಿ: 'ಯೆಹೂದ್ಯರ ಅರಸ' ಅಂದವರು ಜೋಯಿಸರು, ರೋಮಿನ ಅಧಿಪತಿ ಪಿಲಾತ, ಸಿಪಾಯಿಗಳು, ಶಿಲುಬೆಯ ಮೇಲಿನ ಫಲಕ. ಎಲ್ಲ ಹೊರಗಿನವರೇ, ಜೋಯಿಸರನ್ನು ಬಿಟ್ಟರೆ ಯಾರೂ ಭಕ್ತಿಯಿಂದ ಅಂದದ್ದಲ್ಲ. ಯಾಜಕರು 'ಇಸ್ರಾಯೇಲಿನ ಅರಸ' ಅನ್ನುತ್ತಾರೆ, ಅದೂ ಅಣಕಕ್ಕೆ.

ಹಾಗಾದರೆ ಯೇಸುವೇ ಆ ಪದ ಬಳಸುವುದಿಲ್ಲವಾ ಅಂತ ಯುವಕರು ಕೇಳಬಹುದು. 25:31ರಿಂದ ಓದಿಸಿ. ಮನುಷ್ಯಕುಮಾರನು (ಯೇಸು ತನ್ನನ್ನು ಹಾಗೆ ಕರೆದುಕೊಳ್ಳುತ್ತಾನೆ) ಸಿಂಹಾಸನದ ಮೇಲೆ ಕೂತು ತೀರ್ಪು ಕೊಡುವಾಗ ಅವನನ್ನು ಅರಸ ಅಂತ ಕರೆಯಲಾಗಿದೆ, ಆ ಅರಸ ಹೇಳುವುದು ನಾನು ಹಸಿದಿದ್ದೆ, ಬಾಯಾರಿದ್ದೆ, ಸೆರೆಮನೆಯಲ್ಲಿದ್ದೆ ಅಂತ. ಕ್ಯಾಥೋಲಿಕರಿಗೆ ಇದು ಚೆನ್ನಾಗಿ ಗೊತ್ತು, 1925ರಲ್ಲಿ ಹನ್ನೊಂದನೇ ಪಯಸ್ ಪೋಪರು ಶುರು ಮಾಡಿದ ಕ್ರಿಸ್ತರಾಜರ ಹಬ್ಬದಲ್ಲಿ ಮೂರು ವರ್ಷಕ್ಕೊಮ್ಮೆ ಇದೇ ಭಾಗ ಓದುತ್ತಾರೆ. ನಿಮ್ಮ ಓಣಿಯಲ್ಲಿ ಅವರ ಮನೆಯಿದ್ದರೆ ಆ ದಿನ ಕೂಟಕ್ಕೆ ಕರೆಯಿರಿ.

ಇಷ್ಟನ್ನೂ ಒಂದೇ ಸಂಜೆ ತುರುಕಬೇಡಿ. 1 ಮತ್ತು 2 ಒಂದು ವಾರ, 14 ಇನ್ನೊಂದು ವಾರ, 20 ಮತ್ತು 27 ಜೊತೆಯಾಗಿ, 25 ಕೊನೆಗೆ. ಪಿಲಾತನ ವಿಚಾರಣೆ ಮತ್ತಾಯನಲ್ಲಿ ಚಿಕ್ಕದಾಯಿತು ಅನ್ನಿಸಿದವರಿಗೆ ಯೋಹಾನ 18 ಮತ್ತು 19 ಮನೆಯಲ್ಲಿ ಓದಿಕೊಂಡು ಬರಲು ಹೇಳಿ, ಅಲ್ಲಿ ಫಲಕದ ಬರಹ ತಿದ್ದಿಸಲು ಯಾಜಕರು ಪಿಲಾತನ ಹತ್ತಿರ ಹೋಗುತ್ತಾರೆ, ಅವನು ಒಪ್ಪುವುದಿಲ್ಲ.